ಮಳೆಕಾಡಿಗೆ ಬರುವ ಪ್ರವಾಸಿ: ಊರಿಗೂ ಕಾಡಿಗೂ ಲಾಭವಾಗುವುದು ಹೇಗೆ?

(ಮಲೆನಾಡಿನ ರೈತರಿಗೂ ವಿಸ್ತರಣಾ ಕಾರ್ಯಕರ್ತರಿಗೂ ಏರ್ಪಡಿಸಿದ ಶಿಬಿರದಲ್ಲಿ ಮಾಡಿದ ಭಾಷಣ)



ಘಟ್ಟದ ಅಂಚಿನ ಹಳ್ಳಿಗಳಲ್ಲಿ ಈಗ ಎರಡು ಹಂಗಾಮುಗಳಿವೆ. ಒಂದು, ಮಳೆ ನಕ್ಷತ್ರಗಳನ್ನು ನೋಡಿಕೊಂಡು ನಾಟಿ, ಗೊಬ್ಬರ, ಔಷಧಿ ಸಿಂಪರಣೆಗಳನ್ನು ಮಾಡುವ ಬೇಸಾಯದ ಹಂಗಾಮು. ಇನ್ನೊಂದು, ದಸರಾ ರಜೆ, ವರ್ಷದ ಕೊನೆ, ಶನಿವಾರ ಭಾನುವಾರಗಳನ್ನು ನೋಡಿಕೊಂಡು ಪಟ್ಟಣದ ಕಾರುಗಳು ಸಾಲಾಗಿ ಬರುವ ಪ್ರವಾಸದ ಹಂಗಾಮು. ಅಡಿಕೆಗೆ ಕೊಳೆರೋಗ, ಮೆಣಸಿಗೆ ಸೊರಗು ರೋಗ, ಏಲಕ್ಕಿಗೆ ಕಟ್ಟೆ ರೋಗ ಎಂದು ಬೇಸತ್ತಿರುವ ರೈತನಿಗೆ ಈ ಎರಡನೆಯ ಹಂಗಾಮು ಆಸೆ ಹುಟ್ಟಿಸುವುದು ಸಹಜ. "ತೋಟದ ಮೇಲಿನ ಕಾಡನ್ನು ಸ್ವಲ್ಪ ಸವರಿ ನಾಲ್ಕು ಕೋಣೆ ಕಟ್ಟಿದರೆ ಹೇಗೆ?", "ರಸ್ತೆ ಬದಿಯ ಎರಡು ಎಕರೆಯನ್ನು ಹೊರಗಿನವರಿಗೆ ಮಾರಿದರೆ ಹೇಗೆ?" ಎಂಬ ಮಾತುಗಳು ಮನೆ ಮನೆಯ ಜಗಲಿಯ ಮೇಲೂ ಕೇಳಿಬರುತ್ತಿವೆ.

ಈ ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ಪ್ರವಾಸಿಗರಿಂದ ಹಾಳಾದ ಊರುಗಳೂ ಇವೆ, ಚೇತರಿಸಿಕೊಂಡ ಊರುಗಳೂ ಇವೆ. ಈ ವ್ಯತ್ಯಾಸ ಬರುವುದು ಎಲ್ಲಿಂದ ಎಂಬುದನ್ನು ತಿಳಿದುಕೊಳ್ಳಲು ದೂರದೇಶಕ್ಕೆ ಹೋಗಬೇಕಾಗಿಲ್ಲ. ಇದೇ ಪಶ್ಚಿಮ ಘಟ್ಟದ ದಕ್ಷಿಣಕ್ಕೆ, ಕೇರಳದ ಇಡುಕ್ಕಿ ಜಿಲ್ಲೆಯ ತೇಕ್ಕಡಿಯ ಸುತ್ತ, ಪೆರಿಯಾರ್ ಹುಲಿ ಮೀಸಲು ಪ್ರದೇಶದಲ್ಲಿ ನಡೆದ ಕೆಲಸವನ್ನು ಪರಿಶೀಲಿಸಿದರೆ ಸಾಕು. ಅಲ್ಲಿಯ ಬೆಳೆಗಳೂ ಮಲೆನಾಡಿನವೇ: ಮೆಣಸು, ಏಲಕ್ಕಿ, ಕಾಫಿ. ಅಲ್ಲಿಯ ಕಷ್ಟಗಳೂ ಮಲೆನಾಡಿನವೇ: ಸಾಲ, ದಲ್ಲಾಳಿ, ಕಾಡುಪ್ರಾಣಿ.

ಮಳೆಕಾಡಿನ ಮಹತ್ವ

ವರ್ಷದ ಹಲವು ತಿಂಗಳು ಭಾರಿ ಮಳೆ ಪಡೆದು, ಬೇಸಿಗೆಯಲ್ಲೂ ಎಲೆ ಉದುರಿಸಿ ಬೋಳಾಗದ ನಿತ್ಯಹರಿದ್ವರ್ಣ ಕಾಡನ್ನು ಮಳೆಕಾಡು ಎನ್ನುತ್ತಾರೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಲಿನ ಕಾಡು ಇದಕ್ಕೆ ಒಳ್ಳೆಯ ಉದಾಹರಣೆ. ಪಶ್ಚಿಮ ಘಟ್ಟದ 39 ತಾಣಗಳನ್ನು 2012ರಲ್ಲಿ ಯುನೆಸ್ಕೊ ಸಂಸ್ಥೆಯು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ 10 ಕರ್ನಾಟಕದಲ್ಲಿವೆ.

ಮಳೆಕಾಡು ಮಾಳಿಗೆ ಮನೆಯಂತೆ ಅಂತಸ್ತುಗಳಿಂದ ಕೂಡಿದೆ. ಎತ್ತರದ ಮರಗಳ ತಲೆಗಳು ಮೇಲ್ಛಾವಣಿ. ಅವುಗಳ ಕೆಳಗೆ ನಡುಮರಗಳು, ಬಳ್ಳಿಗಳು. ಇನ್ನೂ ಕೆಳಗೆ ಗಿಡಗಂಟಿಗಳು. ನೆಲದ ಮೇಲೆ ದರಗಿನ ಹಾಸಿಗೆ. ಆಷಾಢದ ಮಳೆ ಈ ಅಂತಸ್ತುಗಳಲ್ಲಿ ತಡೆದು ತಡೆದು ನೆಲಕ್ಕಿಳಿಯುವುದರಿಂದ ಮಣ್ಣು ಕೊಚ್ಚಿಹೋಗುವುದಿಲ್ಲ. ಇಂಗಿದ ನೀರು ಬೇಸಿಗೆಯಲ್ಲಿ ತೊರೆಯಾಗಿ ತೋಟಕ್ಕೆ ಬರುತ್ತದೆ. ಈ ಕಾಡಿನ ಸಾರವೆಲ್ಲ ಹೆಚ್ಚಾಗಿ ಮರಗಳಲ್ಲಿ ಮತ್ತು ಕೊಳೆಯುತ್ತಿರುವ ದರಗಿನಲ್ಲಿ ಇರುತ್ತದೆಯೇ ಹೊರತು ಮಣ್ಣಿನ ಆಳದಲ್ಲಿ ಅಲ್ಲ. ಆದ್ದರಿಂದ ಒಮ್ಮೆ ಸವರಿದ ಕಾಡಿನ ನೆಲ ಕೆಲವೇ ಮಳೆಗಾಲಗಳಲ್ಲಿ ಸತ್ತ್ವ ಕಳೆದುಕೊಳ್ಳುತ್ತದೆ.

ಏಲಕ್ಕಿ ಹೂವಿಗೆ ಪರಾಗಸ್ಪರ್ಶ ಮಾಡುವ ತುಡುವೆ ಮತ್ತು ಹೆಜ್ಜೇನುಗಳು ಈ ಕಾಡಿನ ಆಶ್ರಯದಲ್ಲಿ ಬದುಕುತ್ತವೆ. ಮೆಣಸು ಮತ್ತು ಏಲಕ್ಕಿಯ ಕಾಡು ತಳಿಗಳು ಇಲ್ಲಿಯೇ ಇವೆ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಸಿಂಗಳೀಕ, ರಾಮಪತ್ರೆಯ ಬೀಜವನ್ನು ದೂರದೂರಕ್ಕೆ ಒಯ್ದು ಬಿತ್ತುವ ಮಂಗಟ್ಟೆ ಹಕ್ಕಿ, ಇವುಗಳ ಮನೆಯೂ ಇದೇ. ಪಟ್ಟಣದ ಪ್ರವಾಸಿ ಹಣ ಖರ್ಚು ಮಾಡಿಕೊಂಡು ನೋಡಬರುವುದು ಇದನ್ನೇ. ಹೀಗಿರುವಾಗ ಪ್ರವಾಸಿಗಾಗಿ ಕಾಡು ಕಡಿಯುವುದೆಂದರೆ, ಹಾಲಿಗಾಗಿ ಸಾಕಿದ ಹಸುವನ್ನೇ ಕಟುಕನಿಗೆ ಕೊಟ್ಟಂತೆ.

ತೇಕ್ಕಡಿಯ ಹಿನ್ನೆಲೆ

ಪೆರಿಯಾರ್ ನದಿಗೆ 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಕಟ್ಟಿದಾಗ ಕಾಡಿನ ನಡುವೆ ಸುಮಾರು 26 ಚದರ ಕಿಲೋಮೀಟರಿನ ಜಲಾಶಯ ಉಂಟಾಯಿತು. ಅಲ್ಲಿಯ ನೀರು ಘಟ್ಟದ ಆಚೆಗೆ ಹರಿದು ತಮಿಳುನಾಡಿನ ತೇಣಿ, ಮಧುರೆ ಮುಂತಾದ ಜಿಲ್ಲೆಗಳ ಗದ್ದೆಗಳನ್ನು ತಣಿಸುತ್ತದೆ. ಜಲಾಶಯದ ಸುತ್ತಲ ಕಾಡನ್ನು 1934ರಲ್ಲಿ ವನ್ಯಪ್ರಾಣಿಗಳ ಅಭಯಧಾಮವೆಂದು ಕಾಯ್ದಿರಿಸಲಾಯಿತು. 1978ರಲ್ಲಿ ಹುಲಿ ಯೋಜನೆಗೆ ಸೇರಿಸಲಾಯಿತು. ಈಗ ಹುಲಿ ಮೀಸಲಿನ ವಿಸ್ತೀರ್ಣ 925 ಚದರ ಕಿಲೋಮೀಟರು. ಇದರ ಬಹುಭಾಗ ನಿತ್ಯಹರಿದ್ವರ್ಣ ಮತ್ತು ಅರೆ ನಿತ್ಯಹರಿದ್ವರ್ಣ ಕಾಡು.

ತೇಕ್ಕಡಿಗೆ ಪ್ರವಾಸಿಗರು ಬರುತ್ತಿದ್ದುದು ಹೊಸದೇನಲ್ಲ. ದೋಣಿಯಲ್ಲಿ ಕುಳಿತು ದಡದ ಆನೆಗಳನ್ನು ನೋಡಿ, ಕುಮಳಿ ಪೇಟೆಯ ಹೋಟೆಲಿನಲ್ಲಿ ಉಂಡು ಹೋಗುತ್ತಿದ್ದರು. ಆದರೆ ಈ ವ್ಯವಹಾರದಲ್ಲಿ ಕಾಡಂಚಿನ ಬಡವನಿಗೆ ಪಾಲು ಬಹಳ ಕಡಿಮೆ. ಮನ್ನಾನ್, ಪಳಿಯನ್ ಮುಂತಾದ ಬುಡಕಟ್ಟಿನವರೂ ಸುತ್ತಣ ಹಳ್ಳಿಗಳ ಕೂಲಿಗಾರರೂ ಸೌದೆ, ಹುಲ್ಲು, ಜೇನು, ಮೀನುಗಳಿಗಾಗಿ ಕಾಡಿಗೆ ಹೋಗುತ್ತಿದ್ದರು. ಕೆಲವರು ಗಂಧದ ಮರ ಕಡಿಯುವುದು, ಬೇಟೆಯಾಡುವುದು ಮೊದಲಾದ ಕೃತ್ಯಗಳಿಗೂ ಇಳಿದಿದ್ದರು. ಅರಣ್ಯ ಇಲಾಖೆ ಹಿಡಿಯುತ್ತಿತ್ತು, ಮೊಕದ್ದಮೆ ಹೂಡುತ್ತಿತ್ತು. ಜಾಮೀನಿನ ಮೇಲೆ ಹೊರಬಂದವನು ವಕೀಲರ ಶುಲ್ಕ ತೀರಿಸಲು ಮತ್ತೆ ಕಾಡಿಗೆ ಹೋಗುತ್ತಿದ್ದನು. ಕಾಡು ಸವೆಯುತ್ತಿತ್ತು, ಬಡತನ ಮಾತ್ರ ಸವೆಯುತ್ತಿರಲಿಲ್ಲ.

1996ರಲ್ಲಿ ಭಾರತ ಸರಕಾರವು ವಿಶ್ವಬ್ಯಾಂಕಿನ ನೆರವಿನಿಂದ ದೇಶದ 7 ಸಂರಕ್ಷಿತ ಅರಣ್ಯಗಳಲ್ಲಿ ಪರಿಸರ ಅಭಿವೃದ್ಧಿ ಯೋಜನೆಯನ್ನು ಕೈಗೊಂಡಿತು. ಅವುಗಳಲ್ಲಿ ಪೆರಿಯಾರ್ ಒಂದು. ಕರ್ನಾಟಕದ ನಾಗರಹೊಳೆ ಇನ್ನೊಂದು. ಕಾಡಂಚಿನ ಕುಟುಂಬಗಳನ್ನು ಪರಿಸರ ಅಭಿವೃದ್ಧಿ ಸಮಿತಿಗಳಾಗಿ ಸಂಘಟಿಸಿ, ಕಾಡಿನ ಮೇಲೆ ಅವರ ಅವಲಂಬನೆಯನ್ನು ತಗ್ಗಿಸುವಂಥ ಉದ್ಯೋಗವನ್ನು ಒದಗಿಸುವುದು ಈ ಯೋಜನೆಯ ಉದ್ದೇಶ. ಪೆರಿಯಾರಿನಲ್ಲಿ ಇಂಥ 72 ಸಮಿತಿಗಳು ರಚನೆಯಾದವು.

ಚಕ್ಕೆ ಸುಲಿಯುತ್ತಿದ್ದ 23 ಮಂದಿ

ಈ ಸಮಿತಿಗಳಲ್ಲಿ ಒಂದರ ಕಥೆ ವಿಶೇಷವಾಗಿ ಗಮನಿಸತಕ್ಕದ್ದು. ಅಲ್ಲಿಯ ಕಾಡಿನಲ್ಲಿ ವಯಣ ಎಂದು ಕರೆಯುವ ಮರವಿದೆ. ಇದು ಕಾಡು ದಾಲ್ಚಿನ್ನಿ. ಇದರ ತೊಗಟೆಗೆ ಮಾರುಕಟ್ಟೆಯಲ್ಲಿ ಬೇಡಿಕೆ ಇತ್ತು. ಕುಮಳಿ ಸುತ್ತಿನ 23 ಮಂದಿ ಗಂಡಸರು ಈ ಚಕ್ಕೆಯ ಕಳ್ಳಸಾಗಣೆಯಲ್ಲಿ ನುರಿತಿದ್ದರು. ದಿನಗಟ್ಟಲೆ ಕಾಡಿನಲ್ಲೇ ತಂಗಿ, ನಿಂತ ಮರವನ್ನು ಸುಲಿದು, ಹೊರೆ ಹೊತ್ತು ರಾತ್ರಿ ಹೊತ್ತು ಹೊರಗೆ ಸಾಗಿಸುತ್ತಿದ್ದರು. ಸುತ್ತಲೂ ತೊಗಟೆ ಕಳೆದುಕೊಂಡ ಮರ ನಿಂತಲ್ಲೇ ಒಣಗುತ್ತದೆ ಎಂಬುದನ್ನು ರೈತರಿಗೆ ಬೇರೆ ಹೇಳಬೇಕಾಗಿಲ್ಲ. ಈ 23 ಮಂದಿಯ ಮೇಲೆ ಹಲವಾರು ಮೊಕದ್ದಮೆಗಳಿದ್ದವು. ಚಕ್ಕೆಯ ಲಾಭದ ದೊಡ್ಡ ಪಾಲು ದಲ್ಲಾಳಿಯದು. ಜೈಲು ಮಾತ್ರ ಇವರದು.

ಅರಣ್ಯ ಅಧಿಕಾರಿಗಳು ಇವರೊಂದಿಗೆ ಮಾತುಕತೆ ನಡೆಸಿದರು. ಚಕ್ಕೆ ಸುಲಿಯುವುದನ್ನು ಬಿಟ್ಟರೆ ಕಾಡಿನಲ್ಲೇ ಗೌರವದ ಕೆಲಸ ಕೊಡುವುದಾಗಿ ಹೇಳಿದರು. ಎರಡು ಕಡೆಯೂ ಅನುಮಾನಗಳಿದ್ದೇ ಇದ್ದವು. "ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತೆ" ಎಂಬ ಗಾದೆ ಯಾರಿಗೆ ತಾನೇ ಗೊತ್ತಿಲ್ಲ? ಆದರೂ ಮೊಕದ್ದಮೆಗಳನ್ನು ಹಿಂತೆಗೆದುಕೊಳ್ಳಲಾಯಿತು. ಅವರದೇ ಒಂದು ಸಮಿತಿ ರಚನೆಯಾಯಿತು. 1998ರ ಸುಮಾರಿಗೆ ಅವರು ಪ್ರವಾಸಿಗರನ್ನು ಕಾಡಿನೊಳಗೆ ಕಾಲ್ನಡಿಗೆಯಲ್ಲಿ ಕರೆದೊಯ್ಯುವ ಕೆಲಸ ಆರಂಭಿಸಿದರು. ಇದಕ್ಕೆ ಹುಲಿ ಜಾಡು ಎಂದು ಹೆಸರಾಯಿತು.

ಇದರ ಏರ್ಪಾಟು ಸರಳ. ಒಂದು ತಂಡದಲ್ಲಿ 5 ಮಂದಿ ಪ್ರವಾಸಿಗರು; ಅವರೊಂದಿಗೆ 5 ಮಂದಿ ಮಾರ್ಗದರ್ಶಕರು ಮತ್ತು ಬಂದೂಕು ಹಿಡಿದ ಒಬ್ಬ ಅರಣ್ಯ ರಕ್ಷಕ. ಒಂದು ಅಥವಾ ಎರಡು ರಾತ್ರಿ ಕಾಡಿನಲ್ಲಿ ಡೇರೆ ಹಾಕಿ ತಂಗುವುದು. ಅಡಿಗೆ ಮಾಡುವುದು, ಸಾಮಾನು ಹೊರುವುದು, ಪ್ರಾಣಿಗಳ ಹೆಜ್ಜೆ ಮತ್ತು ಲದ್ದಿ ನೋಡಿ ವಿವರಿಸುವುದು, ಮರಳುವಾಗ ಕಸವನ್ನೆಲ್ಲ ಹೊತ್ತು ತರುವುದು, ಇವೆಲ್ಲ ಆ 5 ಮಂದಿಯ ಕೆಲಸ. ಪ್ರವಾಸಿ ಕೊಟ್ಟ ಶುಲ್ಕ ಸಮಿತಿಯ ಖಾತೆಗೆ ಸೇರುತ್ತದೆ. ಅದರಿಂದ ಅವರಿಗೆ ಸಂಬಳ. ಒಂದು ಪಾಲನ್ನು ಸಮುದಾಯದ ನಿಧಿಗೆ ತೆಗೆದಿಡಲಾಗುತ್ತದೆ.

ಇಲ್ಲಿ ಮುಖ್ಯವಾದ ಸಂಗತಿ ಒಂದಿದೆ. ಇವರು ನಡೆಯುವ ದಾರಿ ಕಳ್ಳರು ನುಸುಳುವ ದಾರಿಯೇ ಆಗಿತ್ತು. ಎಲ್ಲಿ ಚಕ್ಕೆ ಸುಲಿಯುತ್ತಾರೆ, ಎಲ್ಲಿ ಉರುಳು ಹಾಕುತ್ತಾರೆ, ಯಾವ ಹಳ್ಳದಲ್ಲಿ ಬೆಂಕಿ ಹಾಕಿ ತಂಗುತ್ತಾರೆ ಎಂಬುದು ಇವರಿಗೆ ಅಂಗೈ ಮೇಲಿನ ಗೆರೆಯಷ್ಟು ಪರಿಚಿತ. ಆದ್ದರಿಂದ ಪ್ರವಾಸಿಗರ ನಡಿಗೆಯೇ ಕಾಡಿನ ಗಸ್ತೂ ಆಯಿತು. ಪ್ರವಾಸಿ ಕೊಟ್ಟ ದುಡ್ಡು ಕಾವಲುಗಾರನ ಸಂಬಳವಾಯಿತು. ಕಾಡನ್ನು ಸುಲಿಯಲು ಬಳಸಿದ ತಿಳಿವಳಿಕೆಯೇ ಕಾಡನ್ನು ಕಾಯಲು ಬಂಡವಾಳವಾಯಿತು. ಊರಿನಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದವರು ಸಮವಸ್ತ್ರ ತೊಟ್ಟು ಓಡಾಡುವಂತಾದರು.

ಇದೇ ಮಾದರಿಯಲ್ಲಿ ಮನ್ನಾನ್ ಮತ್ತು ಪಳಿಯನ್ ಜನರ ಸಮಿತಿಯವರು ಸಣ್ಣ ತಂಡಗಳನ್ನು ಕೆಲವು ಗಂಟೆಗಳ ಪ್ರಕೃತಿ ನಡಿಗೆಗೆ ಕರೆದೊಯ್ಯತೊಡಗಿದರು. ಬಿದಿರಿನ ತೆಪ್ಪದಲ್ಲಿ ಜಲಾಶಯದ ಹಿನ್ನೀರಿನಲ್ಲಿ ಸಾಗುವ ಯಾನದಲ್ಲಿ ಒಮ್ಮೆಗೆ 10 ಮಂದಿಗಷ್ಟೇ ಅವಕಾಶ. ಇಂಬಳದ ಕಾಟ ತಪ್ಪಿಸಲು ಪ್ರವಾಸಿಗರಿಗೆ ದಪ್ಪ ಬಟ್ಟೆಯ ಕಾಲುಚೀಲಗಳನ್ನು ಕೊಡುವ ಪದ್ಧತಿಯೂ ಅಲ್ಲಿದೆ. ಸಣ್ಣ ವಿಷಯವಾದರೂ ಮಲೆನಾಡಿನವರು ಅನುಸರಿಸಲು ಯೋಗ್ಯ.

ಒತ್ತೆ ಬಿದ್ದಿದ್ದ ಮೆಣಸಿನ ತೋಟಗಳು

ಪ್ರವಾಸಿಗರ ವಿಷಯಕ್ಕಿಂತ ರೈತರಿಗೆ ಹತ್ತಿರವಾದದ್ದು ಮೆಣಸಿನ ವಿಷಯ. ಮನ್ನಾನ್ ಮತ್ತು ಪಳಿಯನ್ ಕುಟುಂಬಗಳಿಗೆ ಕಾಡಂಚಿನಲ್ಲಿ ಸಣ್ಣ ಮೆಣಸಿನ ತೋಟಗಳಿದ್ದವು. ಆದರೆ ಫಸಲು ಅವರ ಕೈಗೆ ಬರುತ್ತಿರಲಿಲ್ಲ. ಮಳೆಗಾಲದ ಕಷ್ಟಕ್ಕೆ, ಮದುವೆಗೆ, ಕಾಯಿಲೆಗೆ ಎಂದು ವರ್ತಕರಿಂದ ಮುಂಗಡ ಪಡೆದು ತೋಟವನ್ನೇ ಒತ್ತೆಯಿಟ್ಟಿದ್ದರು. ಬಳ್ಳಿ ತನ್ನದು, ಕೊಯ್ಲು ಇನ್ನೊಬ್ಬನದು. ಇಂಥವನು ಹೊಟ್ಟೆಪಾಡಿಗೆ ಕಾಡಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ಸಮಿತಿಯ ಮೂಲಕ ಹಣ ಒದಗಿಸಿ ಸಾಲ ತೀರಿಸಿ ತೋಟಗಳನ್ನು ಬಿಡಿಸಿಕೊಳ್ಳಲಾಯಿತು. ಫಸಲನ್ನು ಸಮಿತಿಯೇ ಒಟ್ಟುಗೂಡಿಸಿ ಮಾರುವ ಏರ್ಪಾಟಾಯಿತು. ಮಾರಿ ಬಂದ ಹಣದಲ್ಲಿ ಮುಂಗಡ ಮುರಿದುಕೊಂಡು ಉಳಿದದ್ದನ್ನು ಬೆಳೆಗಾರನಿಗೆ ಕೊಡಲಾಯಿತು. ರಾಸಾಯನಿಕಗಳನ್ನು ಹೆಚ್ಚು ಕಾಣದ ಆ ತೋಟಗಳ ಮೆಣಸಿಗೆ ಮುಂದೆ ಸಾವಯವ ದೃಢೀಕರಣವೂ ದೊರೆತು ಉತ್ತಮ ಬೆಲೆಗೆ ದಾರಿಯಾಯಿತು.

ಪೆರಿಯಾರಿನ ಪಾಠದಲ್ಲಿ ಹಲವರು ಮರೆಯುವ ಭಾಗವೇ ಇದು. ಅಲ್ಲಿ ಕಾಡು ಉಳಿಯಲು ಪ್ರವಾಸಿ ಒಬ್ಬನೇ ಕಾರಣನಲ್ಲ. ಸಾಲದಿಂದ ಬಿಡುಗಡೆ, ಬೆಳೆಗೆ ನ್ಯಾಯಬೆಲೆ, ಅದರ ಜೊತೆಗೆ ಪ್ರವಾಸಿಯ ದುಡ್ಡು. ಈ ಮೂರೂ ಸೇರಿ ಕೆಲಸ ಮಾಡಿದವು. ಒಂದನ್ನು ತೆಗೆದರೆ ಉಳಿದೆರಡು ನಿಲ್ಲುವುದು ಕಷ್ಟ.

ವಸಂತಸೇನೆ ಮತ್ತು ಪ್ರತಿಷ್ಠಾನ

2002ರಲ್ಲಿ ಕುಮಳಿ ಸುತ್ತಿನ ಸುಮಾರು 100 ಮಂದಿ ಹೆಣ್ಣುಮಕ್ಕಳು ವಸಂತಸೇನೆ ಎಂಬ ತಂಡ ಕಟ್ಟಿಕೊಂಡರು. ಸರದಿಯ ಮೇಲೆ ಐದಾರು ಮಂದಿಯಂತೆ ದಿನವೂ ಕಾಡಿನಲ್ಲಿ ಗಸ್ತು ತಿರುಗಿ ಗಂಧದ ಮರಗಳನ್ನು ಕಾಯುವ ಕೆಲಸ ಇವರದು. ಇದಕ್ಕೆ ಇವರು ಕೂಲಿ ಪಡೆಯಲಿಲ್ಲ. ಕಾಡಿನಿಂದ ಊರಿಗೆ ಏನು ಬರುತ್ತಿದೆ ಎಂಬುದನ್ನು ಕಣ್ಣಾರೆ ಕಂಡವರು ಹೇಳಿಸಿಕೊಳ್ಳದೆ ಕಾವಲು ನಿಲ್ಲುತ್ತಾರೆ ಎಂಬುದಕ್ಕೆ ಇದೇ ಸಾಕ್ಷಿ.

ಹೊರಗಿನ ನೆರವಿನ ಯೋಜನೆಗಳ ಹಣೆಬರಹ ಎಲ್ಲರಿಗೂ ತಿಳಿದದ್ದೇ. ಹಣ ನಿಂತ ದಿನ ನಾಮಫಲಕ ಮಾತ್ರ ಉಳಿಯುತ್ತದೆ. ಪೆರಿಯಾರಿನ ಯೋಜನೆಯೂ 2004ರಲ್ಲಿ ಮುಗಿಯಿತು. ಆದರೆ ಅದೇ ವರ್ಷ ಕೇರಳ ಸರಕಾರವು ಪೆರಿಯಾರ್ ಪ್ರತಿಷ್ಠಾನವನ್ನು ಸ್ಥಾಪಿಸಿತು. ಪ್ರವೇಶ ಶುಲ್ಕದೊಂದಿಗೆ ಪ್ರವಾಸಿಗರಿಂದ ಒಂದು ಹೆಚ್ಚುವರಿ ಶುಲ್ಕವನ್ನು ಪಡೆದು, ಅದು ರಾಜ್ಯದ ಬೊಕ್ಕಸಕ್ಕೆ ಹೋಗದೆ ನೇರವಾಗಿ ಪ್ರತಿಷ್ಠಾನಕ್ಕೆ ಸೇರುವಂತೆ ಮಾಡಲಾಯಿತು. ಸಮಿತಿಗಳ ಕೆಲಸ ನಿಲ್ಲದೆ ಮುಂದುವರಿಯಲು ಇದೇ ಆಧಾರವಾಯಿತು. 2006ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದು, ಎಲ್ಲ ಹುಲಿ ಮೀಸಲುಗಳಿಗೂ ಇಂಥ ಪ್ರತಿಷ್ಠಾನಗಳನ್ನು ಸ್ಥಾಪಿಸಬೇಕೆಂದು ವಿಧಿಸಲಾಯಿತು.

ಕೊರತೆಗಳನ್ನೂ ತಿಳಿಯಬೇಕು

ದೂರದ ಬೆಟ್ಟ ನುಣ್ಣಗೆ ಎಂಬ ಮಾತಿನಂತೆ ತೇಕ್ಕಡಿಯಲ್ಲಿ ಎಲ್ಲವೂ ಸರಿಯಾಗಿದೆ ಎಂದು ಭಾವಿಸಬಾರದು. ಕಾಲ್ನಡಿಗೆಯ ಸಣ್ಣ ತಂಡಗಳಿಗಿಂತ ದೋಣಿ ನೋಡಿ ಹೋಗುವ ಜನಸಂದಣಿಯೇ ಅಲ್ಲಿ ಹೆಚ್ಚು. ಆ ಜನ ಹೋಟೆಲು, ಅಂಗಡಿಗಳಲ್ಲಿ ಮಾಡುವ ಖರ್ಚು ಕಾಡಂಚಿನ ಸಮಿತಿಗಳ ಖಾತೆಗೆ ಸೇರುವುದಿಲ್ಲ. 2009ರ ಸೆಪ್ಟೆಂಬರ್ 30ರಂದು ಅದೇ ಜಲಾಶಯದಲ್ಲಿ ಪ್ರವಾಸಿಗರ ದೋಣಿಯೊಂದು ಮಗುಚಿ 45 ಮಂದಿ ಪ್ರಾಣ ಕಳೆದುಕೊಂಡರು. ಪ್ರಾಣಿಯನ್ನು ನೋಡಲು ಜನರೆಲ್ಲ ಒಂದೇ ಬದಿಗೆ ನುಗ್ಗಿದ್ದರೆಂದು ಆಗ ವರದಿಯಾಗಿತ್ತು. ಮಿತಿ ಎಂಬುದು ಕಾಡಿನ ಒಳಿತಿಗೆ ಮಾತ್ರವಲ್ಲ, ಪ್ರವಾಸಿಯ ಜೀವಕ್ಕೂ ಬೇಕು.

ಇನ್ನೊಂದು ಅಪಾಯ ಪ್ರವಾಸವನ್ನೇ ನಂಬಿ ಕೂರುವುದು. 2018ರ ಆಗಸ್ಟ್‌ನಲ್ಲಿ ಕೇರಳದಲ್ಲೂ ಕೊಡಗಿನಲ್ಲೂ ನೆರೆ ಮತ್ತು ಭೂಕುಸಿತಗಳಾದಾಗ ಪ್ರವಾಸಿಗರು ಬರಲಿಲ್ಲ. 2020ರ ಮಾರ್ಚ್‌ನಿಂದ ಕೊರೋನಾ ಕಾರಣದಿಂದ ಎಲ್ಲೆಡೆ ಪ್ರವಾಸ ನಿಂತೇಹೋಯಿತು. ಸಾಲ ಮಾಡಿ ಕೋಣೆ ಕಟ್ಟಿದವರು ಬಡ್ಡಿ ಲೆಕ್ಕ ಹಾಕುತ್ತ ಕುಳಿತರು. ತೋಟವನ್ನು ಬಿಡದೆ ಇಟ್ಟುಕೊಂಡವರಿಗೆ ಬಳ್ಳಿಯಲ್ಲಿ ಮೆಣಸಿತ್ತು, ಗದ್ದೆಯಲ್ಲಿ ಬತ್ತವಿತ್ತು.

ಇದೇ ಯೋಜನೆಯಲ್ಲಿದ್ದ ನಾಗರಹೊಳೆಯ ಅನುಭವವೂ ಗಮನಾರ್ಹ. ನಾಗರಹೊಳೆ ಮಳೆಕಾಡಲ್ಲ, ಎಲೆ ಉದುರುವ ಕಾಡು; ಆದರೆ ಪಾಠ ಎಲ್ಲ ಕಾಡಿಗೂ ಒಂದೇ. ರಾಷ್ಟ್ರೀಯ ಉದ್ಯಾನದೊಳಗಿನ ಮುರ್ಕಲ್ ಎಂಬಲ್ಲಿ ಖಾಸಗಿ ಹೋಟೆಲ್ ಕಂಪನಿಯೊಂದಕ್ಕೆ ಪ್ರವಾಸಿ ಬಿಡಾರ ನಡೆಸಲು ಅವಕಾಶ ಕೊಟ್ಟಾಗ ಅಲ್ಲಿಯ ಆದಿವಾಸಿಗಳು ಪ್ರತಿಭಟಿಸಿದರು. ವಿಷಯ ನ್ಯಾಯಾಲಯಕ್ಕೆ ಹೋಯಿತು. 1997ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ತೀರ್ಪಿನಿಂದ ಆ ಕೆಲಸ ನಿಂತಿತು. ಕಾಡಿನಲ್ಲಿ ಹುಟ್ಟಿ ಬೆಳೆದವರನ್ನು ಹೊರಗಿಟ್ಟು ಹೊರಗಿನವರಿಗೆ ಒಳಗೆ ಚಾಪೆ ಹಾಸಿದರೆ ಏನಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ. ಒಂದು ಕಡೆ ಚಕ್ಕೆ ಸುಲಿಯುತ್ತಿದ್ದವನನ್ನು ಒಳಗೆ ಕರೆದು ಕೆಲಸ ಕೊಟ್ಟರು, ಇನ್ನೊಂದು ಕಡೆ ಆದಿವಾಸಿಯನ್ನು ಕೇಳದೆ ಬಾಗಿಲು ತೆರೆದರು. ಫಲ ಬೇರೆ ಬೇರೆಯಾದುದರಲ್ಲಿ ಆಶ್ಚರ್ಯವಿಲ್ಲ.

ಮಲೆನಾಡಿನ ರೈತರು ಅನುಸರಿಸಬಹುದಾದ ಕ್ರಮಗಳು

ಪೆರಿಯಾರಿನದು ಸರಕಾರಿ ಹುಲಿ ಮೀಸಲು. ಮಲೆನಾಡಿನ ರೈತನದು ಸ್ವಂತ ಹಿಡುವಳಿ. ಆದ್ದರಿಂದ ಅಲ್ಲಿಯದನ್ನು ಇದ್ದಕ್ಕಿದ್ದಂತೆ ಇಲ್ಲಿ ನಾಟಿ ಮಾಡಲಾಗದು. ಆದರೆ ಈ ಕೆಳಗಿನ ಅಂಶಗಳು ಎಲ್ಲ ಕಡೆಗೂ ಹೊಂದುತ್ತವೆ.

1. ಪ್ರವಾಸವನ್ನು ಮಿಶ್ರಬೆಳೆಯಂತೆ ಕಾಣಬೇಕು. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದಂತೆ ಬೇಸಾಯದ ಆಸರೆಯಲ್ಲಿ ಪ್ರವಾಸ ಇರಬೇಕು. ಬಳ್ಳಿಗಾಗಿ ಮರ ಕಡಿಯುವ ರೈತನಿಲ್ಲ. ಮನೆಯಲ್ಲಿ ಬಳಕೆಯಾಗದೆ ಉಳಿದಿರುವ ಒಂದೆರಡು ಕೋಣೆಗಳನ್ನು ಸರಿಪಡಿಸಿಕೊಂಡು ಆರಂಭಿಸುವುದು ಕ್ಷೇಮ. ದೊಡ್ಡ ಸಾಲ ಮಾಡಿ ಹೊಸ ಕಟ್ಟಡ ಎಬ್ಬಿಸುವುದು ಹಿತವಲ್ಲ.

2. ಇಳಿಜಾರಿನ ನೆಲವನ್ನು ಯಂತ್ರದಿಂದ ಕಡಿದು ಸಮತಟ್ಟು ಮಾಡಬಾರದು. ಮಳೆಕಾಡಿನ ಇಳಿಜಾರು ಬೇರುಗಳ ಹಿಡಿತದಿಂದ ನಿಂತಿರುತ್ತದೆ. ಬುಡ ಕಡಿದರೆ ಭಾರಿ ಮಳೆಯಲ್ಲಿ ಗುಡ್ಡ ಜಾರುವ ಅಪಾಯ ಹೆಚ್ಚು. ಬೆಟ್ಟಭೂಮಿ, ಸೊಪ್ಪಿನಬೆಟ್ಟ, ಕಾನುಗಳಿಗೆ ಕೈ ಹಚ್ಚಲೇಬಾರದು.

3. ಸಂಖ್ಯೆಗೆ ಮಿತಿ ಹಾಕಬೇಕು. ಮನೆಯ ಬಾವಿ, ಶೌಚಾಲಯ, ಅಡಿಗೆಮನೆಗಳು ಎಷ್ಟು ಜನರನ್ನು ತಾಳಿಕೊಳ್ಳುತ್ತವೆಯೋ ಅಷ್ಟೇ ಜನ. 2024ರ ಜನವರಿಯ ಕೊನೆಯ ರಜಾದಿನಗಳಲ್ಲಿ ಕುಮಾರ ಪರ್ವತಕ್ಕೆ ಚಾರಣಿಗರು ಜಾತ್ರೆಯಂತೆ ನೆರೆದರು. ಆಮೇಲೆ ಸರಕಾರ ಚಾರಣಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಮುಂಗಡ ನೋಂದಣಿಯನ್ನೂ ದಿನದ ಮಿತಿಯನ್ನೂ ತರಬೇಕಾಯಿತು. ತಡವಾಗಿ ಮೇಲಿನಿಂದ ಬರುವ ಮಿತಿಗಿಂತ ಊರೇ ಮೊದಲು ಹಾಕಿಕೊಳ್ಳುವ ಮಿತಿ ಮೇಲು.

4. ಒಬ್ಬೊಬ್ಬರೇ ಸ್ಪರ್ಧೆಗಿಳಿಯಬಾರದು. ಒಬ್ಬ 800 ರೂಪಾಯಿ ಹೇಳಿದರೆ ಪಕ್ಕದವನು 600ಕ್ಕೆ ಇಳಿದು, ಕೊನೆಗೆ ಇಬ್ಬರೂ ನಷ್ಟಕ್ಕೆ ಗುರಿಯಾಗುವುದುಂಟು. ಕರ್ನಾಟಕದಲ್ಲಿ 1993ರಿಂದ ಗ್ರಾಮ ಅರಣ್ಯ ಸಮಿತಿಗಳ ಪದ್ಧತಿ ಇದೆ. ಇಂಥ ಸಮಿತಿ, ಹಾಲಿನ ಸಂಘ ಅಥವಾ ಸ್ವಸಹಾಯ ಸಂಘಗಳ ಮೂಲಕ ದರ, ಸರದಿ, ನಿಯಮಗಳನ್ನು ಗೊತ್ತುಮಾಡಿಕೊಳ್ಳಬೇಕು. ಪ್ರತಿಯೊಬ್ಬ ಅತಿಥಿಯಿಂದ ಒಂದಿಷ್ಟು ಹಣವನ್ನು ಊರ ನಿಧಿಗೆ ತೆಗೆದಿಟ್ಟು ಕಾಡಿನ ಬೆಂಕಿ ರೇಖೆ, ಕೆರೆ ಹೂಳು, ಶಾಲೆಗಳಿಗೆ ಬಳಸಬೇಕು.

5. ಕಾಡು ಬಲ್ಲವರನ್ನೇ ಮಾರ್ಗದರ್ಶಕರನ್ನಾಗಿ ಮಾಡಬೇಕು. ಉಪ್ಪಾಗೆ, ರಾಮಪತ್ರೆ, ಜೇನು ಸಂಗ್ರಹಿಸುವವರಿಗೆ ಇರುವ ತಿಳಿವಳಿಕೆ ಪುಸ್ತಕದಲ್ಲಿ ಸಿಗುವುದಿಲ್ಲ. ಅವರಲ್ಲಿ ಅನೇಕರು ಜಮೀನಿಲ್ಲದವರು. ಕೋಣೆ ಇರುವ ಹಿಡುವಳಿದಾರನಿಗೆ ಮಾತ್ರ ಲಾಭವಾಗಿ, ಇವರಿಗೆ ಪಾತ್ರೆ ತೊಳೆಯುವ ಕೆಲಸವಷ್ಟೇ ಉಳಿದರೆ ಕಾಡಿಗೆ ಕೊಡಲಿ ತಪ್ಪಿದ್ದಲ್ಲ. ಮೀಸಲು ಅರಣ್ಯದೊಳಗೆ ಯಾರನ್ನೇ ಕರೆದೊಯ್ಯುವ ಮುಂಚೆ ಅರಣ್ಯ ಇಲಾಖೆಯ ಅನುಮತಿ ಪಡೆಯುವುದು ಕಡ್ಡಾಯ.

6. ಊಟ ಉಪಚಾರಕ್ಕೆ ಊರಿನದೇ ಪದಾರ್ಥ ಬಳಸಬೇಕು. ನೆರೆಮನೆಯ ಹಾಲು, ಸೊಪ್ಪು, ಜೇನುತುಪ್ಪ, ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಕೋಕಂ ಪಾನಕಗಳು ಅತಿಥಿಗೂ ಪ್ರಿಯ. ಪೇಟೆಯ ಬಾಟಲಿ ನೀರು, ಪೊಟ್ಟಣದ ತಿಂಡಿಗಳಿಂದ ಹಣ ಪೇಟೆಗೆ ಹೋಗುತ್ತದೆ, ಕಸ ಊರಲ್ಲಿ ಉಳಿಯುತ್ತದೆ.

7. ಶೌಚದ ಗುಂಡಿ ಬಾವಿಯಿಂದಲೂ ತೊರೆಯಿಂದಲೂ ಕನಿಷ್ಠ 50 ಅಡಿ ದೂರ ಮತ್ತು ತಗ್ಗಿನಲ್ಲಿರಬೇಕು. ಪ್ಲಾಸ್ಟಿಕ್ ಕಸವನ್ನು ಸುಡದೆ, ಹೂಳದೆ, ಬಂದವರೇ ವಾಪಸು ಒಯ್ಯುವಂತೆ ಹೇಳಬೇಕು. ಮಂಗಗಳಿಗೆ ತಿಂಡಿ ಹಾಕಲು ಬಿಡಬಾರದು. ರುಚಿ ಕಂಡ ಮಂಗ ನಾಳೆ ತೋಟಕ್ಕೇ ಬರುತ್ತದೆ.

8. ಮಂಗನ ಕಾಯಿಲೆಯ ವಿಷಯದಲ್ಲಿ ಎಚ್ಚರ ಅಗತ್ಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಈ ರೋಗ ಉಣುಗುಗಳಿಂದ ಹರಡುತ್ತದೆ. ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತನಕ ಕಾಣಿಸಿಕೊಳ್ಳುತ್ತದೆ. ಮಂಗ ಸತ್ತು ಬಿದ್ದಿರುವುದು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಆ ದಿನಗಳಲ್ಲಿ ಅತಿಥಿಗಳನ್ನು ಆ ಭಾಗದ ಕಾಡಿಗೆ ಒಯ್ಯಬಾರದು. ಕಾಡಿನಿಂದ ಬಂದ ಕೂಡಲೇ ಬಿಸಿನೀರು, ಸೋಪಿನಿಂದ ಸ್ನಾನ ಮಾಡಿ ಬಟ್ಟೆ ಬದಲಿಸುವುದು ಒಳ್ಳೆಯದು.

9. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ, ಬಂದವರ ಹೆಸರು ವಿಳಾಸಗಳನ್ನು ದಾಖಲೆ ಪುಸ್ತಕದಲ್ಲಿ ತಪ್ಪದೆ ಬರೆದಿಡಬೇಕು.

ವಿಸ್ತರಣಾ ಕಾರ್ಯಕರ್ತರ ಪಾತ್ರ

ಪೆರಿಯಾರಿನಲ್ಲಿ ಆದದ್ದು ಒಂದು ಸಭೆಯಿಂದ, ಒಂದು ಕರಪತ್ರದಿಂದ ಆದದ್ದಲ್ಲ. ಮನೆ ಮನೆಗೆ ಹೋಗಿ ಯಾರಿಗೆ ಎಷ್ಟು ಸಾಲವಿದೆ, ಯಾರು ಏತಕ್ಕಾಗಿ ಕಾಡಿಗೆ ಹೋಗುತ್ತಾರೆ ಎಂಬುದನ್ನು ತಿಳಿದ ಮೇಲೆ ಆದದ್ದು. ವಿಸ್ತರಣಾ ಕಾರ್ಯಕರ್ತರು ತಮ್ಮ ವೃತ್ತದ ಊರುಗಳಲ್ಲಿ ಮೊದಲು ಈ ವಿವರಗಳನ್ನು ಸಂಗ್ರಹಿಸಬೇಕು.

ಜೊತೆಗೆ ಪ್ರತಿ ಮನೆಯಲ್ಲೂ ಒಂದು ಸರಳ ಲೆಕ್ಕ ಇಡಿಸುವುದು ಅವಶ್ಯಕ. ಪುಸ್ತಕದಲ್ಲಿ ಎರಡು ಅಂಕಣ ಎಳೆದು, ಅತಿಥಿ ಕೊಟ್ಟ ಹಣದಲ್ಲಿ ಊರಿನಲ್ಲಿ ಉಳಿದದ್ದೆಷ್ಟು, ಊರಿನಿಂದ ಹೊರಹೋದದ್ದೆಷ್ಟು ಎಂದು ಬರೆಯುವುದು. ಉದಾಹರಣೆಗೆ, 1,000 ರೂಪಾಯಿ ಬಂದು ಅದರಲ್ಲಿ ದಲ್ಲಾಳಿಗೆ 200, ಪೇಟೆ ಸಾಮಾನಿಗೆ 300, ಬ್ಯಾಂಕಿನ ಬಡ್ಡಿಗೆ 250 ಹೋಯಿತೆಂದಿಟ್ಟುಕೊಳ್ಳೋಣ. ಊರಿನಲ್ಲಿ ಉಳಿದದ್ದು 250 ಮಾತ್ರ. ಅದರಲ್ಲಿ ಜಮೀನಿಲ್ಲದವನಿಗೆ, ಊರ ನಿಧಿಗೆ ಎಷ್ಟು ಹೋಯಿತು ಎಂದೂ ಕೇಳಬೇಕು. ಒಂದು ವರ್ಷ ಹೀಗೆ ಲೆಕ್ಕ ಇಟ್ಟರೆ ಪ್ರವಾಸ ಊರನ್ನು ಸಾಕುತ್ತಿದೆಯೇ, ಊರೇ ಪ್ರವಾಸವನ್ನು ಸಾಕುತ್ತಿದೆಯೇ ಎಂಬುದು ತಾನಾಗಿ ಗೊತ್ತಾಗುತ್ತದೆ. ಮೂರನೆಯ ಅಂಕಣವೊಂದನ್ನು ಕಾಡಿಗಾಗಿ ಇಡಬಹುದು: ಈ ಬೇಸಿಗೆಯಲ್ಲಿ ತೊರೆ ಯಾವ ತಿಂಗಳ ತನಕ ಹರಿಯಿತು? ಎಷ್ಟು ಸಲ ಬೆಂಕಿ ಬಿತ್ತು? ಎಷ್ಟು ಮರ ಹೋಯಿತು?

ಕೊನೆಯ ಮಾತು

ಕಾಡಂಚಿನಲ್ಲಿ ಇರುವವನು ಕಾಡಿನ ಶತ್ರುವಲ್ಲ. ಕಾಡಿನಿಂದ ಕದ್ದರೆ ಮಾತ್ರ ಒಲೆ ಉರಿಯುತ್ತದೆ ಎಂಬ ಸ್ಥಿತಿ ಬಂದಾಗ ಅವನು ಕದಿಯುತ್ತಾನೆ. ಕಾಡು ನಿಂತಿದ್ದರೆ ಒಲೆ ಉರಿಯುತ್ತದೆ ಎಂಬ ಸ್ಥಿತಿ ಬಂದಾಗ ಕಾಯುತ್ತಾನೆ. ಚಕ್ಕೆ ಸುಲಿಯುತ್ತಿದ್ದ 23 ಮಂದಿ ಇದನ್ನು ತೋರಿಸಿಕೊಟ್ಟಿದ್ದಾರೆ. ಅವರಿಗೆ ಯಾರೂ ಕಾಡಿನ ಮಹಿಮೆಯನ್ನು ಬೋಧಿಸಲಿಲ್ಲ. ತಿಂಗಳ ಕೊನೆಗೆ ಸಂಬಳವನ್ನೂ ಊರಿನಲ್ಲಿ ಮರ್ಯಾದೆಯನ್ನೂ ಕೊಟ್ಟರು, ಅಷ್ಟೆ.

ಪ್ರವಾಸಿ ಇಂದು ಬಂದು ನಾಳೆ ಹೋಗುವವನು. ತೊರೆ, ತೋಟ, ಕಾಡುಗಳ ಜೊತೆ ಉಳಿಯುವವರು ಊರಿನವರು ಮತ್ತು ಅವರ ಮಕ್ಕಳು. ಆದ್ದರಿಂದ ಬಾಗಿಲು ಎಷ್ಟು ತೆರೆಯಬೇಕು, ಯಾರಿಗೆ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಊರಿನವರೇ ಒಟ್ಟಿಗೆ ಕೂತು ತೀರ್ಮಾನಿಸಬೇಕು. ರಸ್ತೆ ಬದಿಯ ಎರಡು ಎಕರೆಗೆ ಬೆಲೆ ಕೇಳಿಕೊಂಡು ಮುಂದೆ ಯಾರಾದರೂ ಬಂದಾಗ, ಉತ್ತರ ಕೊಡುವ ಮುಂಚೆ ಆ ಎರಡು ಎಕರೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಒಮ್ಮೆ ಮೇಲೆ ನೋಡುವುದು ಒಳ್ಳೆಯದು.